ಜಪಾನಿನ ಆಟಗಾರ್ತಿಯೂ ನಮ್ಮ ಬೆಳಗೋಡೂ

ಪಿ.ಟಿ. ಮೇಡಂ ಆಗಿ ಹನ್ನೆರಡು ವರ್ಷವಾಯಿತು. ಮಕ್ಕಳನ್ನು ಮೈದಾನಕ್ಕೆ ಬಿಟ್ಟರೆ ಸಾಕು, ಏನಾದರೊಂದು ನಗುವ ಸಂಗತಿ ನಡೆದೇ ನಡೆಯುತ್ತದೆ. ಈಚಿನವೆಲ್ಲ ಜಪಾನಿನ ಒಬ್ಬ ಫುಟ್‌ಬಾಲ್ ಆಟಗಾರ್ತಿಯಿಂದ ಆದವು. ಅವಳ ವಿಡಿಯೋಗಳನ್ನು ಲೋಕವೆಲ್ಲ ನೋಡುತ್ತದೆ. ಬೆಳಗೋಡಿನ ನಮ್ಮ ಹೈಸ್ಕೂಲಿನ ಹುಡುಗಿಯರೂ ನೋಡುತ್ತಾರೆ.

ಓಲೆ ಹುಡುಕಿದ್ದು

ಆಕೆ ಮೈದಾನಕ್ಕೆ ಇಳಿಯುವ ಮೊದಲು ಸೊಂಟ ಬಗ್ಗಿಸಿ ನೆಲಕ್ಕೆ ವಂದಿಸುತ್ತಾಳೆ. ನಮ್ಮ ಹುಡುಗಿಯರೂ ಶುರುಮಾಡಿದರು. ಮೊದಲ ದಿನ ಹೆಡ್‌ಮಾಸ್ಟರು ನೋಡಿ, ಯಾರದೋ ಕಿವಿಯೋಲೆ ಬಿದ್ದಿದೆ ಅಂದುಕೊಂಡು, ತಾವೂ ಬಂದು ಬಗ್ಗಿದರು. ಸಾರೂ ವಂದಿಸುತ್ತಿದ್ದಾರೆ ಅಂತ ಹುಡುಗಿಯರು ಇನ್ನೊಮ್ಮೆ ಬಗ್ಗಿದರು. ಓಲೆ ಇನ್ನೂ ಸಿಕ್ಕಿಲ್ಲ ಅಂತ ಸಾರೂ ಇನ್ನೊಮ್ಮೆ ಬಗ್ಗಿದರು. ಕೊನೆಗೆ ಸೊಂಟ ಹಿಡಿದುಕೊಂಡು ಕೇಳಿದರು: "ಚಿನ್ನದ್ದೇನಮ್ಮಾ?"

ಯಾವನೋ ಹುಡುಗ

ನಮ್ಮ ಗೋಲ್‌ಕೀಪರ್ ಹುಡುಗಿಯ ಅಪ್ಪ ಪಿಕಪ್ ಓಡಿಸುತ್ತಾರೆ, ತೋಟಗಳಿಂದ ಕಾಫಿ ಮೂಟೆ ಸಾಗಿಸುವ ಕೆಲಸ. ಒಂದು ಬೆಳಿಗ್ಗೆ ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದರು. ಮಗಳು ದಿನವೂ ಅವರ ಫೋನಿನಲ್ಲಿ ಯಾವನೋ ಹುಡುಗನ ವಿಡಿಯೋ ನೋಡುತ್ತಾಳಂತೆ, ನಾಳೆಯಿಂದ ಆಟ ಬಂದ್ ಅಂತೆ. ಆಲೂರಿನ ಪಂದ್ಯಾವಳಿಗೆ ಹತ್ತೇ ದಿನ ಇತ್ತು. ಅವಳಿಲ್ಲದೆ ನಮ್ಮ ತಂಡವೇ ಇಲ್ಲ. ಯಾವ ಹುಡುಗ ತೋರಿಸಿ ಅಂದೆ. ನೋಡಿದರೆ ಕ್ರಾಪು ತಲೆಯ ಆ ಜಪಾನಿನವಳು.

"ಇದು ಹುಡುಗಿ ಕಣ್ರೀ," ಅಂದೆ.

ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅವಳು ಗೋಲು ಹೊಡೆಯುವುದನ್ನು ನಾಲ್ಕು ಸಲ ನೋಡಿ, ಗಾಡಿ ಹತ್ತಿ ಹೋದರು. ಆಟ ಬಂದ್ ಆಗಲಿಲ್ಲ.

ಮೂರನೇ ದಿನ ಅವರದೇ ಫೋನು. "ಮೇಡಂ, ನಮ್ ಹುಡುಗಿ ನೆನ್ನೆ ಎರಡು ಗೋಲ್ ಹೊಡ್ದ್‌ಬುಟ್ಲು." ಗೋಲ್‌ಕೀಪರ್ ಎಲ್ಲಿ ಹೋಗಿ ಗೋಲು ಹೊಡೆದಳು ಅಂತ ನಾನು ತಬ್ಬಿಬ್ಬಾದೆ.

"ನಮ್ ಮನೆ ಹುಡುಗಿ ಅಲ್ಲ ಕಣ್ರೀ, ಜಪಾನಿನವಳು."

ಆಲೂರಿನ ಫೈನಲ್

ಆಟ ಸಮಸಮವಾಗಿ ಪೆನಾಲ್ಟಿಗೆ ಬಂತು. ಎದುರಾಳಿಗಳ ಕೊನೆಯ ಹೊಡೆತ, ಇದೊಂದನ್ನು ತಡೆದರೆ ಕಪ್ ನಮ್ಮದು. ಗೋಲ್‌ಕೀಪರ್ ಹುಡುಗಿಯ ಅಪ್ಪ ಮೂಟೆ ಇಳಿಸಿ ನೇರ ಮೈದಾನಕ್ಕೆ ಬಂದಿದ್ದರು, ಗೋಲಿನ ಪಕ್ಕ ಫೋನ್ ಎತ್ತಿ ನಿಂತರು. ಮಗಳು ಎಡಕ್ಕೆ ಹಾರಿ ಚೆಂಡನ್ನು ಎದೆಗವಚಿಕೊಂಡಳು. ಇದು ನಮ್ಮ ಶಾಲೆಗೆ ಬಂದ ಮೊದಲ ಕಪ್.

ಆಮೇಲೆ ಎಲ್ಲರೂ ವಿಡಿಯೋ ನೋಡಲು ಮುತ್ತಿಕೊಂಡೆವು. ಅದರಲ್ಲಿ ಮಗಳೂ ಇಲ್ಲ, ಚೆಂಡೂ ಇಲ್ಲ. ಸೆಲ್ಫಿ ಕ್ಯಾಮೆರಾ ಒತ್ತಿಬಿಟ್ಟಿದ್ದರು. ಪೂರ್ತಿ ಅವರ ಮುಖವೇ: ತುಟಿ ಕಚ್ಚಿದ್ದು, ಕಣ್ಣು ಮುಚ್ಚಿದ್ದು, ಆಮೇಲೆ "ನನ್ ಮಗಳು ಕಣ್ರೀ" ಅಂತ ಅಕ್ಕಪಕ್ಕದವರಿಗೆಲ್ಲ ಹೇಳುತ್ತಾ ಅತ್ತಿದ್ದು.

ಹುಡುಗಿಯರು ಅದನ್ನೇ ಆ ಆಟಗಾರ್ತಿಯ ಹೆಸರು ಸೇರಿಸಿ ನೆಟ್‌ನಲ್ಲಿ ಹಾಕಿದರು. ಎರಡು ದಿನಕ್ಕೆ ಅವಳೇ ನೋಡಿ ಒಂದು ಕೆಂಪು ಹಾರ್ಟ್ ಒತ್ತಿದಳು. ಅದರ ಹಿಂದೆ ಜಪಾನಿ ಅಕ್ಷರಗಳಲ್ಲಿ ಮೆಚ್ಚುಗೆಯ ಮಳೆ. ಈಗ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲೂ ಅಪ್ಪನನ್ನು ಜನ ಗುರುತು ಹಿಡಿದು ಮಾತಾಡಿಸುತ್ತಾರೆ.

ಮಗಳು ಕಪ್ಪನ್ನು ಒರೆಸುತ್ತಾ ನನಗೆ ಹೇಳಿದಳು: "ಬಾಲ್ ಹಿಡ್ದಿದ್ದು ನಾನು ಮೇಡಂ. ಜಪಾನಲ್ಲಿ ಫೇಮಸ್ ಆಗಿದ್ದು ನಮ್ಮಪ್ಪ."