ಕರಿಮೂಲೆ ಎಂಬ ಬಿರುದು ಕೈಬದಲಾದ ಬಗೆ

ಕಲ್ಲು, ಸಿಮೆಂಟು, ಚೆಸ್ಸು. ಈ ಮೂರು ವಿಷಯಗಳಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾದ್ದಿಲ್ಲ ಎಂದು ನಾನು ತಿಳಿದಿದ್ದೆ. ಕಲ್ಲು, ಸಿಮೆಂಟಿನ ಬಗ್ಗೆ ಈಗಲೂ ಹಾಗೆಯೇ ತಿಳಿದಿದ್ದೇನೆ.

ಬಿ.ಸಿ.ರೋಡಿನ ಆಸುಪಾಸಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ನಾನು ಟೈಲ್ಸ್ ಮೇಸ್ತ್ರಿ. ಶಾಲೆಗೆ ಹೋದದ್ದು ಆರನೇ ಕ್ಲಾಸಿನವರೆಗೆ. ಆಮೇಲೂ ಎಷ್ಟೋ ಶಾಲೆಗಳಿಗೆ ಹೋಗಿದ್ದೇನೆ, ನೆಲ ಹಾಕಲಿಕ್ಕೆ. ಚೆಸ್ ಕಲಿತದ್ದು ಫೋನಿನಲ್ಲಿ, ಹಾಕಿದ ಟೈಲ್ಸ್ ಒಣಗುವುದನ್ನು ಕಾಯುವ ಹೊತ್ತಿನಲ್ಲಿ. ಕಾಯುವ ಕೆಲಸ ನನ್ನ ಕಸುಬಿನಲ್ಲಿ ಧಾರಾಳ. ಹಾಗಾಗಿ ಆಟವೂ ಧಾರಾಳವಾಗಿ ಬಂತು.

ಹಾಗೆ ಆಡುತ್ತಾ ಆಡುತ್ತಾ 'ಆನೆ-ಕುದುರೆ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಸೇರಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಇಪ್ಪತ್ತೈದು ಮೂವತ್ತು ಜನ ಅದರಲ್ಲಿದ್ದೇವೆ. ದಿನಾ ಒಬ್ಬರ ರಾಜನನ್ನು ಒಬ್ಬರು ಕೊಲ್ಲುತ್ತೇವೆ, ಆದರೆ ಆಗಿನ್ನೂ ಮುಖ ಕಂಡವರಲ್ಲ. ಮೂಡುಬಿದಿರೆಯ ನಿವೃತ್ತ ಹೆಡ್‌ಮಾಸ್ತರು ಶ್ರೀಪತಿಯವರು ಪ್ರತಿ ಆದಿತ್ಯವಾರ ಬೆಳಿಗ್ಗೆ ಚೆಸ್ಸಿನ ಬಗ್ಗೆ ಒಂದು ಪ್ರಶ್ನೆ ಹಾಕುವುದು ಬಳಗದ ಪದ್ಧತಿ.

ಒಂದು ಆದಿತ್ಯವಾರ ಅವರು ಕೇಳಿದ ಪ್ರಶ್ನೆ: ಚೆಸ್ ಬೋರ್ಡಿನಲ್ಲಿ ಒಟ್ಟು ಎಷ್ಟು ಚೌಕಗಳಿವೆ?

ಅರುವತ್ತನಾಲ್ಕು ಎಂದು ಎಲ್ಲರೂ ಬರೆದರು. ಡಿಗ್ರಿಯವರು ಬರೆದರು, ಎರಡು ಡಿಗ್ರಿಯವರು ಬರೆದರು. ನಾನು ಬರೆದೆ, ಇನ್ನೂರ ನಾಲ್ಕು. ಏಕೆಂದರೆ ನಾಲ್ಕು ಸಣ್ಣ ಚೌಕ ಸೇರಿದರೆ ಅದೂ ಒಂದು ಚೌಕ, ಒಂಬತ್ತು ಸೇರಿದರೆ ಇನ್ನೊಂದು. ಹೀಗೆ ಇಡೀ ಬೋರ್ಡಿನವರೆಗೆ ಎಣಿಸಿಕೊಂಡು ಹೋಗಬೇಕು. ನೆಲ ಹಾಕುವವನಿಗೆ ಇದನ್ನು ಯಾರು ಕಲಿಸಬೇಕು? ಮಾಸ್ತರು ಉತ್ತರ ಸರಿ ಎಂದರು. ಅಷ್ಟಕ್ಕೇ ನಿಲ್ಲದೆ, 'ಸಂಜೀವ ಮೇಸ್ತ್ರಿಗಳು ನಮ್ಮ ಬಳಗದ ಪಂಡಿತರು' ಎಂದು ಬರೆದರು. ಒಬ್ಬ ಹೆಡ್‌ಮಾಸ್ತರು, ಆರನೇ ಕ್ಲಾಸಿನವನಿಗೆ!

ಆ ಸಾಲನ್ನು ಹೆಂಡತಿ ಸುಜಾತಳಿಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೇ ಸಲಕ್ಕೆ ಅವಳು ಮಿಕ್ಸಿ ಹಾಕಿದಳು.

ಪಂಡಿತ ಪದವಿ ಬಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಮುಂದಿನ ಆದಿತ್ಯವಾರದ ಪ್ರಶ್ನೆಯನ್ನು ನಾನೇ ಹಾಕಿದೆ: ಬೋರ್ಡು ಇಡುವಾಗ ಆಟಗಾರನ ಬಲಗೈ ಕಡೆಯ ಮೂಲೆಮನೆ ಯಾವ ಬಣ್ಣದ್ದಿರಬೇಕು?

ಬಿಳಿ. ಇದು ಚೆಸ್ಸಿನ ಅ ಆ ಇ ಈ. ಆದರೆ ವೇಣೂರಿನ ಧರ್ಣಪ್ಪಣ್ಣ ಕಪ್ಪು ಎಂದು ಬರೆದುಬಿಟ್ಟರು. ಧರ್ಣಪ್ಪಣ್ಣನದ್ದು ಜಿನಸಿನ ಅಂಗಡಿ. ಬೆಲ್ಲ ತೂಗುತ್ತಾ ಫೋನಿನಲ್ಲಿ ಆಡಿ, ನಮ್ಮನ್ನೆಲ್ಲ ಸೋಲಿಸುವ ಮನುಷ್ಯ. ಫೋನಿನಲ್ಲಿ ಬೋರ್ಡು ತಾನಾಗಿಯೇ ಸರಿಯಾಗಿ ಕೂತಿರುತ್ತದಲ್ಲ, ಮೂಲೆ ಯಾರು ನೋಡುತ್ತಾರೆ? ಅವರೂ ನೋಡಿರಲಿಲ್ಲ. ಅಷ್ಟೆ.

ನಾನು ಬಿಡಲಿಲ್ಲ. ಅವರಿಗೆ 'ಕರಿಮೂಲೆ' ಎಂಬ ಬಿರುದು ದಯಪಾಲಿಸಿದೆ. ಬೆಳಗ್ಗಿನ ನಮಸ್ಕಾರಕ್ಕೂ ಕರಿಮೂಲೆ, ರಾತ್ರಿಯ ಶುಭರಾತ್ರಿಗೂ ಕರಿಮೂಲೆ. ಸಾಲದ್ದಕ್ಕೆ ಒಂದು ಶಾಸನವನ್ನೂ ಬರೆದೆ: 'ಬಲಕ್ಕೆ ಕಪ್ಪು ಮೂಲೆ ಇಟ್ಟು ಆಡುವುದು ಚೆಸ್ಸೇ ಅಲ್ಲ. ಅಂಥವರು ಮನೆಯಲ್ಲಿ ಹೆಂಗಸರ ಜೊತೆ ಕೂತು ಗುಳಿಗೆ ಕಾಯಿ ತುಂಬುವ ಚೆನ್ನೆಮಣೆ ಆಡಲಿ.' ಧರ್ಣಪ್ಪಣ್ಣ ಉತ್ತರವಾಗಿ ಎರಡು ಕೈ ಮುಗಿದ ಚಿತ್ರ ಕಳಿಸಿದರು. ಸೋತವರ ನಮಸ್ಕಾರ ಎಂದುಕೊಂಡೆ.

ಹೀಗಿರುವಾಗ ಬೆಳ್ತಂಗಡಿಯ ಶಾಲಿನಿ ಎಂಬ ನರ್ಸಮ್ಮ ಒಂದು ಸಲಹೆ ಕೊಟ್ಟರು, ಎಲ್ಲರೂ ಒಮ್ಮೆ ಮುಖಾಮುಖಿ ಸೇರಿ ಆಡುವ ಎಂದು. ಮಾಸ್ತರು ತಮ್ಮ ಮನೆಯಂಗಳ ಆಗಬಹುದು ಎಂದರು. ನಾನು ಯೋಚಿಸಲಿಲ್ಲ. ಮಾಸ್ತರ ಅಂಗಳದಲ್ಲಿ ಗ್ರಾನೈಟಿನ ಶಾಶ್ವತ ಚೆಸ್ ಮೇಜು ಮತ್ತು ಎರಡು ಬೆಂಚು ಕಟ್ಟಿಕೊಡುತ್ತೇನೆ, ಇದು ನನ್ನ ಕಾಣಿಕೆ, ಸೂರ್ಯಚಂದ್ರರಿರುವವರೆಗೆ ಇರುತ್ತದೆ ಎಂದು ಘೋಷಿಸಿದೆ. ಪಂಡಿತ ಎಂದು ಕರೆದವರ ಅಂಗಳದಲ್ಲಿ ಪಾಂಡಿತ್ಯವನ್ನು ಕಲ್ಲಿನಲ್ಲೇ ಕೂರಿಸುವುದು ನನ್ನ ಉದ್ದೇಶ.

ಸುಜಾತ ಕೇಳಿದಳು, "ನಮ್ಮ ಬಚ್ಚಲಿನಲ್ಲಿ ಎರಡು ಟೈಲ್ಸ್ ಒಡೆದು ಎಷ್ಟು ಸಮಯ ಆಯಿತು?"

"ಅದು ಬೇರೆ, ಇದು ಬೇರೆ."

"ಹೌದು. ಅದನ್ನು ಯಾರೂ ಫೋಟೊ ತೆಗೆಯುವುದಿಲ್ಲ ಅಲ್ವಾ?"

ನಾನು ಕೇಳದವನಂತೆ ಕಲ್ಲು ಕೊಯ್ಯುವ ಮಿಷನು ಕಟ್ಟಿಕೊಂಡು ಮೂಡುಬಿದಿರೆಗೆ ಹೊರಟೆ.

ಮಾಸ್ತರ ಅಂಗಳ ಸಣ್ಣದು. ರಸ್ತೆ ಬದಿಗೆ ಸೊಂಟದೆತ್ತರದ ಕಂಪೌಂಡು ಗೋಡೆ. ಕಾರು ತಿರುಗಿಸಲು ಜಾಗ ಬೇಕೆಂದು ಮೇಜನ್ನು ಆ ಗೋಡೆಗೆ ತಾಗಿಸಿಯೇ ಕಟ್ಟಬೇಕಾಯಿತು. ಮೇಜಿನ ಎಡಬಲಕ್ಕೆ ಎರಡು ಸಿಮೆಂಟು ಬೆಂಚು. ಒಂದು ಬದಿ ಗೋಡೆ, ಇನ್ನೊಂದು ಬದಿ ಖಾಲಿ ಅಂಗಳ. ಆ ಖಾಲಿ ಬದಿಯಲ್ಲಿ ಪೇರಳೆ ಮರದ ನೆರಳಿತ್ತು. ನೆರಳು ಇದ್ದಲ್ಲಿ ಕೂತು ಕೆಲಸ ಮಾಡುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತೆ. ನನ್ನ ಬಲಗೈಗೆ ಸರಿಯಾಗಿ, ಭಕ್ತಿಯಿಂದ, ಮೊದಲ ಬಿಳಿ ಕಲ್ಲು ಇಟ್ಟೆ. ಇಡುವಾಗ ಧರ್ಣಪ್ಪಣ್ಣನನ್ನು ನೆನೆದು ಸ್ವಲ್ಪ ನಗೆಯೂ ಬಂತು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ರಸಮಟ್ಟ ಇಟ್ಟರೆ ಗುಳ್ಳೆ ನಡುವಿನಿಂದ ಅಲ್ಲಾಡುವುದಿಲ್ಲ. ಉಗುರು ಹಾಯಿಸಿದರೆ ಸಂದು ಸಿಗುವುದಿಲ್ಲ. ಕೂತಲ್ಲಿಂದಲೇ ಒಂದು ಫೋಟೊ ತೆಗೆದು ಬಳಗಕ್ಕೆ ಕಳಿಸಿದೆ. ಚಪ್ಪಾಳೆಯ ಚಿತ್ರಗಳ ಸುರಿಮಳೆ! 'ಬಲಗೈ ಮೂಲೆ ಬಿಳಿ ಇದೆಯೇ, ಕರಿಮೂಲೆಯವರು ಪರೀಕ್ಷಿಸಬಹುದು' ಎಂದು ಕೆಳಗೆ ನಾನೇ ಬರೆದೆ. ಧರ್ಣಪ್ಪಣ್ಣ ಪರೀಕ್ಷಿಸಿ, ಸರಿ ಉಂಟು ಎಂದು ಒಪ್ಪಿಕೊಂಡರು.

ಸೇರುವ ದಿನ ಬಂತು. ಹನ್ನೊಂದು ಜನ ಬಂದರು. ಇಸ್ತ್ರಿ ಅಂಗಿ ಹಾಕಿದ ನಾನು ಮೇಜಿನ ಬಳಿ ನಿಂತು, ಕಲ್ಲಿನ ಗುಣ, ಅಂಟಿನ ಗುಣ, ಕೊನೆಗೆ ಬಲಗೈ ಮೂಲೆಯ ಮಹತ್ವ, ಇಷ್ಟರ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದೆ. ಮೊದಲ ಆಟಕ್ಕೆ ಧರ್ಣಪ್ಪಣ್ಣ ಮತ್ತು ಶಾಲಿನಿಯಮ್ಮ ಎದುರುಬದುರು ಬೆಂಚಿನಲ್ಲಿ ಕೂತರು. ಧರ್ಣಪ್ಪಣ್ಣ ಆನೆ ಇಟ್ಟರು, ಕುದುರೆ ಇಟ್ಟರು, ಒಂಟೆ ಇಟ್ಟರು. ಬಿಳಿ ಮನೆಯಲ್ಲಿ ಕೂರಬೇಕಾದ ಬಿಳಿ ಮಂತ್ರಿಯನ್ನು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಸಂಜೀವಣ್ಣ, ಒಂದು ಸಂಶಯ. ನನ್ನ ಈ ಬಲಗೈ ಹತ್ತಿರದ ಮನೆ ಎಂತ ಬಣ್ಣ? ನಾನು ಅಂಗಡಿಯವ, ನನಗೆ ಸರಿ ಗೊತ್ತಾಗುವುದಿಲ್ಲ."

ನೋಡಿದೆ. ಕಪ್ಪು.

ಶಾಲಿನಿಯಮ್ಮನನ್ನು ಎಬ್ಬಿಸಿ ಆಚೆ ಬೆಂಚಿನಲ್ಲಿ ಕೂತು ನೋಡಿದೆ. ಅಲ್ಲೂ ಕಪ್ಪು.

ಓಡಿಹೋಗಿ ಪೇರಳೆ ಮರದ ನೆರಳಿನಲ್ಲಿ ಕುಕ್ಕರಗಾಲು ಹಾಕಿದೆ. ಬಿಳಿ! ಅಲ್ಲಿ ಮಾತ್ರ ಬಿಳಿ. ಬೆಂಚು ಎಡಬಲಕ್ಕೆ ಕಟ್ಟಿ, ಕಲ್ಲನ್ನು ನಾನು ಕೂತ ಬದಿಗೆ ಸರಿಯಾಗಿ ಜೋಡಿಸಿದ್ದೆ. ಚೆಸ್ ಬೋರ್ಡು ಒಂದು ಬದಿಯಿಂದ ಸರಿ ಇದ್ದರೆ ಪಕ್ಕದ ಬದಿಯಿಂದ ತಪ್ಪು. ಮರದ ಬೋರ್ಡಾದರೆ ಒಂದು ಸುತ್ತು ತಿರುಗಿಸಬಹುದು. ನನ್ನದು ಸೂರ್ಯಚಂದ್ರರಿರುವವರೆಗೆ ತಿರುಗದ ಬೋರ್ಡು!

ಶಾಲಿನಿಯಮ್ಮ ಫೋನು ತೆಗೆದು ನನ್ನ ಫೋಟೊ ನೋಡಿದರು. "ಫೋಟೊದಲ್ಲಿ ಸರಿಯೇ ಉಂಟು. ಫೋಟೊ ತೆಗೆದವರು ಕೂತಲ್ಲಿ ಬೆಂಚು ಇಲ್ಲ, ಅಷ್ಟೆ."

ನಾನು ಸುಲಭವಾಗಿ ಸೋಲೊಪ್ಪುವವನಲ್ಲ. ಹಿಂದಿನ ಕಾಲದಲ್ಲಿ ನಮ್ಮ ಊರಿನಲ್ಲಿ ಹೀಗೆಯೇ ಬೋರ್ಡು ಇಡುತ್ತಿದ್ದರು ಎಂದೆ. ಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ಕೇಳಿದರು, "ಯಾವ ಕಾಲದಲ್ಲಿ?" ಅಷ್ಟೇ. ನನ್ನ ಕೈ ತಾನಾಗಿ ಕಟ್ಟಿಕೊಂಡಿತು. ನಲವತ್ತು ವರ್ಷಗಳ ಹಿಂದೆ ಬಿಟ್ಟು ಬಂದ ಆರನೇ ಕ್ಲಾಸಿನ ಅದೇ ಬೆಂಚಿನ ಮೇಲೆ ನಿಂತ ಹಾಗಾಯಿತು.

ಒಡೆದು ಹೊಸತು ಹಾಕುತ್ತೇನೆ ಎಂದು ಸ್ಕೂಟರಿನಿಂದ ಉಳಿ, ಸುತ್ತಿಗೆ ತಂದೆ. ಹೊಡೆದೆ. ಕಲ್ಲಿಗೆ ಏನೂ ಆಗಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಉಳಿಯ ಮೂತಿ ಬಗ್ಗಿತು. ನನ್ನ ಇಪ್ಪತ್ತೆಂಟು ವರ್ಷಗಳ ಅನುಭವವೆಲ್ಲ ಆ ಅಂಟಿನಲ್ಲಿ ಇತ್ತಲ್ಲ! ತಪ್ಪನ್ನು ಅಷ್ಟು ಗಟ್ಟಿಯಾಗಿ ಮಾಡಿದವನು ಈ ಮೂರು ಊರುಗಳಲ್ಲಿ ನಾನೊಬ್ಬನೇ ಇರಬೇಕು.

"ಬಿಡಿ ಮಾರಾಯ್ರೆ, ಕೆಲಸ ಚಂದ ಉಂಟು," ಎಂದು ಮಾಸ್ತರು ಸುತ್ತಿಗೆ ಕಿತ್ತುಕೊಂಡರು. "ಹೀಗೆಯೇ ಆಡಿದರೆ ಆಯಿತು. ಮೂಲೆ ಯಾವುದಾದರೆ ಎಂತ?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಧರ್ಣಪ್ಪಣ್ಣ ಬಹಳ ವಿನಯದಿಂದ ಫೋನು ತೆರೆದು ನನ್ನ ಶಾಸನವನ್ನು ಓದಿದರು. ಬಲಕ್ಕೆ ಕಪ್ಪು ಮೂಲೆ ಇಟ್ಟು ಆಡುವುದು ಚೆಸ್ಸೇ ಅಲ್ಲ, ಎಂದು ಶುರುವಾಗಿ ಚೆನ್ನೆಮಣೆಯವರೆಗೆ. ಒಂದು ಅಕ್ಷರ ಬಿಡಲಿಲ್ಲ.

"ಪಂಡಿತರ ಮಾತು ಮೀರಲಿಕ್ಕೆ ಆಗುತ್ತದಾ?" ಎಂದರು.

ಪಂಡಿತರ ಮಾತಿನ ಪ್ರಕಾರ ಆಡಬೇಕಾದರೆ ಒಬ್ಬರು ಪೇರಳೆ ಮರದ ಬದಿಗೆ ಕೂರಬೇಕು, ಇನ್ನೊಬ್ಬರು ಅದರ ಎದುರು ಬದಿಗೆ. ಪೇರಳೆ ಮರದ ಬದಿಗೆ ಮಾಸ್ತರು ಒಂದು ಕುರ್ಚಿ ಹಾಕಿಸಿದರು. ಎದುರು ಬದಿಯಲ್ಲಿ ಗೋಡೆ. ಗೋಡೆಯಾಚೆ ರಸ್ತೆ.

ಹನ್ನೊಂದು ಜನರೂ ನನ್ನನ್ನೇ ನೋಡಿದರು.

ಈಗ ತಿಂಗಳಿಗೊಮ್ಮೆ ಬಳಗ ಸೇರುತ್ತದೆ. ಮರದ ಬೋರ್ಡುಗಳು ನಾಲ್ಕೈದು ಬಂದಿವೆ, ಉಳಿದವರು ಜಗಲಿಯಲ್ಲಿ ಫ್ಯಾನಿನ ಕೆಳಗೆ ಆಡುತ್ತಾರೆ. ಕಲ್ಲಿನ ಮೇಜು ಹಾಳು ಬೀಳಬಾರದೆಂದು ಒಂದು ಆಟ ಅದರಲ್ಲಿಯೂ ಆಗುತ್ತದೆ. ಅದರಲ್ಲಿ ಕಪ್ಪು ಕಾಯಿ ಖಾಯಂ ನನ್ನದು. ರಸ್ತೆಯಲ್ಲಿ ನಿಂತು, ಬೇಲಿಯ ಮೇಲಿಂದ ಕತ್ತು ಚಾಚುವ ಎಮ್ಮೆಯ ಹಾಗೆ ಗೋಡೆಯ ಮೇಲೆ ಬಗ್ಗಿ ಆಡುತ್ತೇನೆ. ದೂರದ ಮನೆಗೆ ಕೈ ಎಟುಕದಿದ್ದರೆ ಎದುರಾಳಿಗೆ ಹೇಳಿ ಇಡಿಸುತ್ತೇನೆ. ವೇಣೂರು ಬಸ್ಸಿನವರು ನಾನು ಕೈ ತೋರಿಸುತ್ತಿದ್ದೇನೆ ಎಂದುಕೊಂಡು ಎರಡು ಸಲ ಬಸ್ಸು ನಿಲ್ಲಿಸಿದ್ದಾರೆ. ದಾರಿಹೋಕರೊಬ್ಬರು, ಮನೆಯವರು ಇಲ್ಲವಾ, ಗೇಟು ಆಚೆ ಉಂಟಲ್ಲ ಎಂದು ವಿಚಾರಿಸಿ ಹೋದರು. ಧರ್ಣಪ್ಪಣ್ಣ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಪೇರಳೆಹಣ್ಣು ತಿನ್ನುತ್ತಾ ನನ್ನ ರಾಜನನ್ನು ಕಟ್ಟಿಹಾಕುತ್ತಾರೆ. ಕಳೆದ ಸಲ ಅಂಗಡಿಯಿಂದ ಚೆನ್ನೆಮಣೆಯ ಕಾಯಿಗಳ ಒಂದು ಪೊಟ್ಟಣವನ್ನೂ ತಂದುಕೊಟ್ಟರು. ಮನೆಯಲ್ಲಿ ಆಡಲಿಕ್ಕೆ. ಸುಜಾತ ಅದರಲ್ಲೂ ನನ್ನನ್ನು ಸೋಲಿಸಿದಳು.

ಮೊನ್ನೆ ಆದಿತ್ಯವಾರದ ಪ್ರಶ್ನೆಯನ್ನು ಮಾಸ್ತರು ಧರ್ಣಪ್ಪಣ್ಣನಿಗೆ ಬಿಟ್ಟುಕೊಟ್ಟರು. ಅವರು ಕೇಳಿದ್ದು: 'ಎರಡು ಬೆಂಚು ಖಾಲಿ ಇದ್ದರೂ ರಸ್ತೆಯಲ್ಲಿ ನಿಂತು ಚೆಸ್ ಆಡುವ ಏಕೈಕ ಆಟಗಾರ ಯಾರು?'

ಇನ್ನೂರ ನಾಲ್ಕರ ಹಾಗೆಯೇ ಇದಕ್ಕೂ ನನಗೆ ಉತ್ತರ ಸರಿಯಾಗಿ ಗೊತ್ತಿತ್ತು. ಬರೆಯಲಿಲ್ಲ. ನಾನು ಬರೆಯದಿದ್ದರೂ ಅರ್ಧ ನಿಮಿಷದಲ್ಲಿ ಸರಿಯುತ್ತರ ಬಂತು. ಬಳಗಕ್ಕೆ ಹೊಸತಾಗಿ ಸೇರಿದವರೊಬ್ಬರು ಕಳಿಸಿದ್ದರು. ಆನೆ ಯಾವುದು ಒಂಟೆ ಯಾವುದು ಎಂದು ಇನ್ನೂ ಗೊತ್ತಿಲ್ಲದವರು. 'ಕರಿಮೂಲೆ, ನಮ್ಮವರು' ಎಂದು ಬರೆದು, ಪಕ್ಕದಲ್ಲಿ ಒಡೆದ ಎರಡು ಬಚ್ಚಲು ಟೈಲ್ಸಿನ ಫೋಟೊ ಹಾಕಿದ್ದರು.

ಮಾಸ್ತರು ಉತ್ತರ ಸರಿ ಎಂದರು. ಬಳಗಕ್ಕೆ ಹೊಸ ಪಂಡಿತರು ಸಿಕ್ಕರು ಎಂದೂ ಬರೆದರು. ಆ ಸಾಲನ್ನು ಸುಜಾತ ನನಗೆ ಮೂರು ಸಲ ಓದಿ ಹೇಳಿದಳು. ನಾಲ್ಕನೇ ಸಲಕ್ಕೆ ನಾನು ಸಿಮೆಂಟು ಕಲಸಲು ಬಚ್ಚಲಿಗೆ ಹೋದೆ.