ನಿಮ್ಮ ವಾಚು ರಾತ್ರಿ ಎಲ್ಲಿ ಮಲಗುತ್ತೆ?

ಮನುಷ್ಯರಿಗೆ ಕೈ ಇರುವವರೆಗೆ, ಆ ಕೈಗೊಂದು ವಾಚು ಇರುವವರೆಗೆ, ದಿನದ ಕೊನೆಗೊಂದು ರಾತ್ರಿ ಬರುವವರೆಗೆ ನಾನು ಹೇಳಹೊರಟಿರುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಂಜನಗೂಡಿನಲ್ಲಿ ನನ್ನದೊಂದು ವಾಚು ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಗೋಡೆ ತುಂಬ ಗಡಿಯಾರ, ಅಷ್ಟೇ. ಮಧ್ಯಾಹ್ನದ ಊಟವಾಗಿ ಕಪಿಲೆಯ ಕಡೆಯಿಂದ ಗಾಳಿ ಬೀಸಿತೆಂದರೆ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಹಾಗೇ ಇರುತ್ತದೆ, ಅದರ ಹಿಂದಿನ ಕಣ್ಣು ಮಾತ್ರ ಮುಚ್ಚಿಕೊಳ್ಳುತ್ತದೆ. ನಾನೇನೋ ಭಾರಿ ಸೂಕ್ಷ್ಮ ಕೆಲಸದಲ್ಲಿದ್ದೇನೆಂದು ಗಿರಾಕಿಗಳು ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಗೋಡೆಯ ಗಡಿಯಾರಗಳೆಲ್ಲ ಒಂದೇ ಚಾಪೆಯಲ್ಲಿ ಮಲಗಿ ಉಸಿರಾಡಿದ ಹಾಗೆ ಕೇಳಿಸುತ್ತದೆ. ಈ ನಂಬಿಕೆ ನನಗೆ ಬಂದದ್ದು ಅಲ್ಲಿಂದಲೇ ಇರಬೇಕು: ಬ್ಯಾಟರಿ ಇಲ್ಲದ ವಾಚಿಗೆ ನಮ್ಮ ಹಾಗೇ ನೆಮ್ಮದಿಯ ನಿದ್ದೆ ಬೇಕು. ಯಾರು ಕೆಟ್ಟ ವಾಚು ತಂದರೂ ನನ್ನ ಮೊದಲ ಪ್ರಶ್ನೆ ಒಂದೇ, "ರಾತ್ರಿ ಇದು ಎಲ್ಲಿ ಮಲಗುತ್ತೆ?"

"ಬೋರ್ಡಿನಲ್ಲಿ ರಿಪೇರಿ ಅಂತ ಇರೋದನ್ನ ಅಳಿಸಿ ಬಾಣಂತನ ಅಂತ ಬರೆಸಿ" ಅನ್ನುತ್ತಾಳೆ ನನ್ನ ಹೆಂಡತಿ.

ಅಳಿಯನ ಕೈ

ದೇವನೂರಿನ ನನ್ನ ಅಕ್ಕ ತನ್ನ ಮಗಳನ್ನು ಟಿ. ನರಸೀಪುರಕ್ಕೆ ಕೊಟ್ಟಳು. ಗಂಡಿನ ಮನೆಯವರದು ಸಿಮೆಂಟು, ಕಬ್ಬಿಣದ ಅಂಗಡಿ. ಮದುವೆಯಲ್ಲಿ ಅಳಿಯನಿಗೆ ಕಟ್ಟುವ ವಾಚನ್ನು ಆರಿಸಿದವನು ನಾನೇ. ಬ್ಯಾಟರಿ ಇಲ್ಲ, ಕೀ ಕೊಡುವ ತಾಪತ್ರಯವೂ ಇಲ್ಲ. ಕೈ ಆಡಿದಂತೆಲ್ಲ ಒಳಗೊಂದು ಬಿಲ್ಲೆ ತಿರುಗಿ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ವಾಚು. ಕಬ್ಬಿಣದ ಅಂಗಡಿಯ ಹುಡುಗ, ಹಗಲೆಲ್ಲ ಮೂಟೆ ಎತ್ತುವ ಕೈ, ಈ ವಾಚಿಗೆ ಇದಕ್ಕಿಂತ ಒಳ್ಳೆಯ ಕೈ ಎಲ್ಲಿ ಸಿಗಬೇಕು ಅಂತ ಛತ್ರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ.

ಮದುವೆಯ ಚಪ್ಪರ ಒಣಗುವ ಮೊದಲೇ ವಾಚು ನಿಲ್ಲತೊಡಗಿತು. ರಾತ್ರಿ ಮಲಗುವಾಗ ನಡೆಯುತ್ತಿರುತ್ತದೆ, ಬೆಳಿಗ್ಗೆ ಏಳುವಷ್ಟರಲ್ಲಿ ನಿಂತಿರುತ್ತದೆ. ಹುಡುಗಿಯ ಅತ್ತೆ ಸುಮ್ಮನಿರುವ ಹೆಂಗಸಲ್ಲ. "ಹೊಸ ಅಳೀಮಯ್ಯನ ಕೈಗೆ ನಿಂತೋಗೋ ವಾಚ್ ಕಟ್ಟವ್ರಲ್ಲ, ಇದೇನ್ ಸಕುನ?" ಅಂತ ಶುರು ಮಾಡಿದರು. ಕಾಫಿ ಸ್ವಲ್ಪ ತಡವಾದರೆ, "ನೀನೂ ನಿಮ್ಮನೆ ವಾಚಿನ ತರಾನೇ ಕಣವ್ವ." ನಮ್ಮ ಹುಡುಗಿ ಫೋನಿನಲ್ಲಿ ಮೂಗು ಸೇದುತ್ತ ಇದನ್ನೆಲ್ಲ ಹೇಳಿದಳು. ಎತ್ತಿ ಆಡಿಸಿದ ಕೂಸು, ನನಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನೂ ಬಂತು. "ಆರಿಸ್ದೋನು ನೀನು. ಅದು ನೆಟ್ಟುಗೆ ನಡೆಯೋಗಂಟ ನನ್ ಮನೆ ವಸ್ಲು ತುಳೀಬ್ಯಾಡ."

"ಅಕ್ಕಾ, ವಾಚು ಚೆನ್ನಾಗಿದೆ. ಅದು ಮಲಗೋ ಜಾಗ ಸರಿಯಿಲ್ಲ ಅಷ್ಟೇ" ಅಂದೆ.

"ವಾಚಿರಲಿ, ನಿಂಗೆ ಮಲಗಕ್ಕೆ ಜಾಗ ಎಲ್ಲದೆ ನೋಡ್ಕೊ. ನಿನ್ ಹೆಂಡ್ರುಗೂ ಫೋನ್ ಮಾಡಿ ಯೋಳಿವ್ನಿ" ಅಂದಳು.

ದೇವರ ಸ್ನಾನ

ಅವತ್ತಿನಿಂದ ಫೋನಿನಲ್ಲೇ ತಪಾಸಣೆ ಶುರುವಾಯಿತು. ನಾನು ಮೊದಲು ಕೇಳಿದ್ದು, ರಾತ್ರಿ ವಾಚನ್ನು ದೇವರ ಮಂಟಪದಲ್ಲಿಡುತ್ತೀರಾ ಅಂತ. ಸುಮ್ಮನೆ ಕೇಳಿದ್ದಲ್ಲ.

ನಮ್ಮ ಬೀದಿಯ ಅಜ್ಜಿಯೊಬ್ಬರು ಒಮ್ಮೆ ತಮ್ಮ ಯಜಮಾನರ ಹಳೆಯ ವಾಚು ರಿಪೇರಿಗೆ ತಂದಿದ್ದರು. ಸರಿ ಮಾಡಿ ಕೊಟ್ಟು, "ರಾತ್ರಿ ಧೂಳಿಲ್ಲದ, ಯಾರೂ ಮುಟ್ಟದ, ತಣ್ಣಗಿನ ಜಾಗದಲ್ಲಿಡಿ" ಅಂದೆ. "ನಮ್ಮನೇಲಿ ಅಂತ ಜಾಗ ಒಂದೇ ಒಂದು" ಅಂತ ಸಂತೋಷದಿಂದ ಹೋದವರು ಮಾರನೆಯ ದಿನವೇ ವಾಪಸ್ಸು ಬಂದರು. ಹಿಂದಿನ ಮುಚ್ಚಳ ತೆಗೆದರೆ ಅಂಗಡಿಯೆಲ್ಲ ಮೊಸರಿನ ವಾಸನೆ. ಹಲ್ಲುಚಕ್ರದ ಸಂದಿಯಲ್ಲಿ ಜೇನುತುಪ್ಪ.

"ಏನಜ್ಜಿ ಇದು?"

"ನಾನೇನೂ ಮಾಡಿಲ್ಲ ಕಣಪ್ಪ. ರಾತ್ರಿ ದೇವ್ರ ಪಕ್ಕದಲ್ಲಿ ಮಡಗ್ದೆ. ಬೆಳಿಗ್ಗೆ ನಮ್ಮೆಜಮಾನ್ರು ಕನ್ನಡಕ ಇಲ್ದೇನೇ ಅಭಿಸೇಕ ಮಾಡ್ಬುಟ್ರು."

"ಒಳಗೆ ನೀರು ಹೋದರೆ ವಾಚು ನಿಲ್ಲುತ್ತೆ ಅಜ್ಜಿ."

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. "ದೇವ್ರಿಗೂ ದಿನಾ ಉಯ್ತೀವಲ್ಲಪ್ಪ. ಅವನು ಒಂದಿನಾನಾರ ನಿಂತವ್ನಾ?"

ಮಗ್ಗುಲು

ನರಸೀಪುರದ ವಾಚು ದೇವರ ಹತ್ತಿರ ಮಲಗುತ್ತಿರಲಿಲ್ಲ, ಅಳಿಯನ ದಿಂಬಿನ ಕೆಳಗೆ ಮಲಗುತ್ತಿತ್ತು. "ಅಯ್ಯೋ, ಬೆವರು, ಭಾರ! ಹತ್ತಿ ಬಟ್ಟೆಯ ಮೇಲೆ ಮುಖ ಮೇಲೆ ಮಾಡಿ ಮಲಗಿಸಮ್ಮ" ಅಂದೆ. ಮಲಗಿಸಿದಳು. ಬೆಳಿಗ್ಗೆ ನಿಂತಿತ್ತು. ಪಕ್ಕಕ್ಕೆ ಮಲಗಿಸಿ ನೋಡು ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಮೇಷ್ಟ್ರೊಬ್ಬರ ನೆನಪಾಯಿತು.

ಆ ಹೈಸ್ಕೂಲು ಮೇಷ್ಟ್ರ ವಾಚು ಹಗಲು ಒಂದಿಷ್ಟು ಮುಂದಕ್ಕೆ ಓಡುತ್ತಿತ್ತು. ಕೆಲವು ವಾಚುಗಳ ಸ್ವಭಾವ ಹಾಗೆ. ಮಲಗಿದ ಮಗ್ಗುಲು ಬದಲಾದರೆ ನಡಿಗೆಯೂ ಬದಲಾಗುತ್ತದೆ. "ಕೀ ತಿರುಪು ಮೇಲೆ ಬರುವ ಹಾಗೆ ಪಕ್ಕಕ್ಕೆ ಮಲಗಿಸಿ ಸಾರ್. ಹಗಲು ಮುಂದೆ ಹೋದದ್ದು ರಾತ್ರಿ ಹಿಂದೆ ಬಂದು ಸರಿಹೋಗುತ್ತೆ" ಅಂದಿದ್ದೆ. ಕೆಲವು ದಿನ ಬಿಟ್ಟು ಅವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

"ವಾಚು ಹೇಗಿದೆ ಸಾರ್?"

"ಬಹಳ ಚೆನ್ನಾಗಿ ಮಲಗುತ್ತೆ ಕಣ್ರೀ."

"ಮತ್ತೆ ನೀವು?"

"ಅದು ಮಗ್ಗುಲು ಬದಲಾಯಿಸಿಬಿಟ್ಟರೆ? ಎದ್ದೆದ್ದು ನೋಡೋರು ಯಾರು?"

"ಸ್ಕೂಲಿನಲ್ಲಿ ಕಷ್ಟ ಆಗಲ್ವಾ ಸಾರ್?"

"ಏನೂ ಇಲ್ಲ. ಕ್ಲಾಸಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡ್ತೀನಿ. ಮಕ್ಕಳು ನನ್ನ ಕೈ ನೋಡಿ ಸರಿಯಾಗಿ ಬೆಲ್ ಹೊತ್ತಿಗೆ ಎಬ್ಬಿಸ್ತಾರೆ. ವಾಚು ಬಹಳ ಕರಾರುವಾಕ್ಕು!"

ಎಲ್ಲರಿಗಿಂತ ಮುಂಚೆ

ಇನ್ನುಳಿದ ಅನುಮಾನ ಅಯಸ್ಕಾಂತದ್ದು. ಇದಕ್ಕೂ ನನ್ನ ಹತ್ತಿರ ಒಬ್ಬ ಗಿರಾಕಿ ಇದ್ದಾನೆ, ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವವನು. ರಾತ್ರಿ ವಾಚು ಬಿಚ್ಚಿ ದೊಡ್ಡ ಸ್ಪೀಕರಿನ ಮೇಲಿಟ್ಟು ಮಲಗುತ್ತಿದ್ದ. ಸ್ಪೀಕರಿನ ಅಯಸ್ಕಾಂತ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಹಿಡಿದುಕೊಂಡು ವಾಚು ಕುದುರೆಯ ಹಾಗೆ ಓಡುತ್ತಿತ್ತು. ಅವನಿಗದು ಗೊತ್ತೇ ಇರಲಿಲ್ಲ. ಅಡುಗೆಯವರು ಒಲೆ ಹಚ್ಚುವ ಮೊದಲೇ ಛತ್ರದಲ್ಲಿ ಅವನ ಮೈಕು "ಹಲೋ, ಹಲೋ" ಅನ್ನುತ್ತಿತ್ತು. ತಾಲ್ಲೂಕಿನಲ್ಲೇ ಟೈಮಿಗೆ ಬರುವ ಮನುಷ್ಯ ಅಂತ ಹೆಸರಾಗಿದ್ದ.

ಒಂದು ದಿನ ಪಟ್ಟಿ ಹಾಕಿಸಲು ಬಂದಾಗ ನಾನು ಕಂಡುಹಿಡಿದು, ಅಯಸ್ಕಾಂತ ಇಳಿಸಿ, ವಾಚು ಸರಿ ಮಾಡಿ ಕಳಿಸಿದೆ. ಸ್ವಲ್ಪ ದಿನಕ್ಕೆ ಮುಖ ಊದಿಸಿಕೊಂಡು ಬಂದ.

"ಏನ್ ಸಾ ಮಾಡಿದ್ದು ನೀವು? ಮೊದ್ಲು ಎಲ್ರಿಗಿಂತ ಮುಂಚೆ ಓಯ್ತಿದ್ದೆ. ಈಗ ನಾನ್ ಓಗೋವೊತ್ಗೆ ತಾಳಿ ಕಟ್ಟಿ ಊಟಕ್ಕೆ ಕುಂತಿರ್ತಾರೆ. ನಿಮ್ ರಿಪೇರಿನ ಬಿಚ್ಚಿ ವಾಪಸ್ ತಕ್ಕಳಿ!"

ನಡುಮನೆಯಲ್ಲಿ ಮದುಮಕ್ಕಳು

ಇದನ್ನು ನೆನೆದು ನರಸೀಪುರಕ್ಕೆ ಹೇಳಿದೆ, "ವಾಚು ಮಲಗೋ ಕಡೆ ಮೊಬೈಲು, ಟಿ.ವಿ., ಸ್ಪೀಕರು ಯಾವುದೂ ಬೇಡ. ಗದ್ದಲವಿಲ್ಲದ, ತೇವವಿಲ್ಲದ ಜಾಗ ಇರಲಿ."

ಎರಡು ದಿನದ ಮೇಲೆ ಹುಡುಗಿಯ ಫೋನು ಬಂತು. ಈ ಸಲ ಅಳು ಜೋರಾಗಿತ್ತು.

"ಏನಾಯ್ತಮ್ಮ? ಜಾಗ ಸಿಗಲಿಲ್ವಾ?"

"ಸಿಕ್ತು ಮಾವ. ಮನೇಲಿ ಎಲ್ಲಕ್ಕಿಂತ ನಿಶ್ಶಬ್ದವಾಗಿರೋದು ನಮ್ ರೂಮೇ ಅಂತೆ. ಅತ್ತೆ ಮಂಚದ ಮೇಲೆ ರೇಷ್ಮೆ ವಸ್ತ್ರ ಹಾಸಿ ವಾಚ್ ಮಲಗ್ಸಿ ಹೊರಗಿಂದ ಚಿಲಕ ಹಾಕವ್ರೆ. ನಾವಿಬ್ರೂ ನಡುಮನೇಲಿ, ಅತ್ತೆ ಪಕ್ಕದಲ್ಲಿ ಮಲಗ್ತಿದ್ದೀವಿ."

"ಹೋಗಲಿ, ವಾಚು ನಡೀತಾ ಇದೆಯಾ?" ಅಂದೆ.

"ಇಲ್ಲ ಮಾವ. ಅದೂ ನಿಂತದೆ, ನಮ್ ಸಂಸಾರಾನೂ ನಿಂತದೆ."

ಕೀ

ಅವತ್ತೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತರೆ ನನಗೆ ಎಚ್ಚರ ಇರುವುದು ಕಷ್ಟ. ಗದ್ದೆ, ನಾಲೆ, ತೆಂಗಿನ ಸಾಲು ಎಲ್ಲವೂ ಕನಸಿನೊಳಗೆ ಬಂದು ಹೋಗುತ್ತಿದ್ದವು. ಸೇತುವೆಯ ಹತ್ತಿರ ಕಣ್ಣು ಬಿಟ್ಟೆ. ಕೆಳಗೆ ಹೊಳೆ ತಣ್ಣಗೆ ಹರಿಯುತ್ತಿತ್ತು. ನಮ್ಮೂರ ಕಪಿಲೆ ಇಲ್ಲಿಗೆ ಬಂದು ಕಾವೇರಿಯನ್ನು ಸೇರುತ್ತಾಳೆ, ಸೇರಿದ ಮೇಲೆ ಯಾವ ನೀರು ಯಾವ ಕಡೆಯದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಹುಡುಗಿ ಮಾತ್ರ ಒಂದು ವಾಚಿನಿಂದಾಗಿ ಇನ್ನೂ ದಡದಲ್ಲೇ ನಿಂತಿದ್ದಾಳಲ್ಲ ಅನ್ನಿಸಿತು.

ನೇರವಾಗಿ ಅಂಗಡಿಗೆ ಹೋದೆ. ಅಳಿಯ ಗಲ್ಲಾದ ಹಿಂದೆ ಕೂತಿದ್ದ. ನನ್ನನ್ನು ಕಂಡು ಹುಬ್ಬು ಎತ್ತಿ ಸ್ವಾಗತಿಸಿದ, ಇನ್ನೊಂದು ಕುರ್ಚಿಯನ್ನು ಗದ್ದದಲ್ಲೇ ತೋರಿಸಿದ. ಒಳ್ಳೆಯ ಹುಡುಗ, ಕೆಟ್ಟ ಮಾತಿಲ್ಲ. ಒಳ್ಳೆಯ ಮಾತೂ ಇಲ್ಲ, ಮಾತಾಡಿದರೆ ಬಾಯಿ ಆಡಿಸಬೇಕಲ್ಲ. ಮೂಟೆ ಎತ್ತಲು ಆಳುಗಳಿದ್ದರು. ಯಾರಾದರೂ ಬಂದು ಕೇಳಿದರೆ "ಕೊಡ್ರಲಾ" ಅನ್ನುತ್ತಿದ್ದ. ಮೇಲೆ ಫ್ಯಾನು ತಿರುಗುತ್ತಿತ್ತು. ಬಿಲ್ಲುಗಳು ಹಾರದಂತೆ ಎಡಗೈಯನ್ನು ಅವುಗಳ ಮೇಲೆ ಇಟ್ಟುಕೊಂಡಿದ್ದ. ಆ ಕೈಯಲ್ಲೇ ವಾಚು.

ಫ್ಯಾನಿನ ಗಾಳಿಗೆ ನನಗೂ ಜೊಂಪು ಹತ್ತಿತು. ಎಚ್ಚರವಾದಾಗ ಬೀದಿಯ ಬಿಸಿಲು ಆಚೆ ಬದಿಗೆ ಹೋಗಿತ್ತು. ಅಳಿಯನ ಎಡಗೈ ಮಾತ್ರ ಅಲ್ಲೇ ಇತ್ತು. ಕಾಗದದ ಮೇಲೆ ಕಲ್ಲಿಟ್ಟ ಹಾಗೆ. ನನ್ನ ನಿದ್ದೆ ಪೂರ್ತಿ ಹಾರಿಹೋಯಿತು. ವಾಚು ರಾತ್ರಿ ಎಲ್ಲಿ ಮಲಗುತ್ತೆ ಅಂತ ಊರೆಲ್ಲ ಕೇಳುತ್ತಿದ್ದೆನಲ್ಲ, ಈ ವಾಚು ಮಲಗುತ್ತಿದ್ದದ್ದು ಹಗಲಿನಲ್ಲಿ!

ಕಾರಣ ಸಿಕ್ಕಿತು, ಆದರೆ ಹೇಳುವುದು ಹೇಗೆ? ನಿಮ್ಮ ಮಗ ಅಲ್ಲಾಡುವುದಿಲ್ಲ ಅಂತ ಗಂಡಿನ ತಾಯಿಗೆ ಹೇಳಿದರೆ ನಾನು ಬಸ್ಸು ಹತ್ತುವ ಮೊದಲು ಹುಡುಗಿಯ ಪೆಟ್ಟಿಗೆ ಹತ್ತಿರುತ್ತದೆ. ಅಳಿಯನ ಕೈಯಿಂದ ವಾಚು ಬಿಚ್ಚಿಸಿಕೊಂಡು ಮನೆಗೆ ಹೋಗಿ ನೋಡಿದರೆ ಬೀಗಿತ್ತಿ ಒಂದು ಕೈಯಲ್ಲಿ ಮುದ್ದೆ ಕೋಲು, ಇನ್ನೊಂದು ಕೈಯಲ್ಲಿ ಬೆಕ್ಕನ್ನು ಓಡಿಸುತ್ತ, ನನ್ನನ್ನೂ ಬೈಯುತ್ತಿದ್ದರು. ಬೈಗುಳದ ಒಂದೊಂದು ಮಾತಿಗೂ ಎರಡು ಕೈಯೂ ಆಡುತ್ತಿದ್ದವು. ಅದನ್ನು ನೋಡುತ್ತ ನನಗೆ ಉಪಾಯ ಹೊಳೆಯಿತು.

"ಅಮ್ಮಾ, ಹೊಸ ವಾಚು ಒಂದು ಕೈಗೆ ಪಳಗಬೇಕು. ಸ್ವಲ್ಪ ದಿನ ಮನೆಯಲ್ಲೇ ಇನ್ಯಾರಾದರೂ ಕಟ್ಟಿಕೊಳ್ಳಲಿ. ರಾತ್ರಿ ಬಿಚ್ಚಿ ಹತ್ತಿ ಬಟ್ಟೆ ಮೇಲೆ ಮಲಗಿಸಿದರೆ ಸಾಕು. ಚಿಲಕ ಏನೂ ಬೇಡ" ಅಂದೆ.

ನಮ್ಮ ಹುಡುಗಿ ಕೈ ಚಾಚಿದಳು. ಬೀಗಿತ್ತಿ ಅವಳ ಕೈ ಪಕ್ಕಕ್ಕೆ ಸರಿಸಿದರು. "ನೀನ್ ಬ್ಯಾಡ ಕಣವ್ವ. ನಿಮ್ಮಾವ ನಿಂಗೇನಾರ ಮಂತ್ರ ಯೋಳ್ಕೊಟ್ಟಿರ್ತಾನೆ" ಅಂತ ತಾವೇ ಕಟ್ಟಿಕೊಂಡರು. ಬಳೆಗಳ ಪಕ್ಕದಲ್ಲಿ ವಾಚು ಬೆಚ್ಚಗೆ ಕೂತುಕೊಂಡಿತು.

ಒಂದೆರಡು ವಾರ ಕಳೆಯಿತು. ಮಧ್ಯಾಹ್ನದ ಹೊತ್ತು, ಭೂತಗನ್ನಡಿಯ ಹಿಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಫೋನು ಬಂತು. ಬೀಗಿತ್ತಿಯೇ.

"ಕೇಳಪ್ಪ ಇಲ್ಲಿ. ನಾನ್ ಕಟ್ಕಂಡೆ, ನಡೀತು. ನನ್ ಮಗನ್ಗೆ ಕಟ್ದೆ, ನಿಂತೋಯ್ತು. ಇವ್ಳಿಗೆ ಕಟ್ದೆ, ನಡೀತು. ತಿರುಗಾ ಅವನ್ಗೆ ಕಟ್ದೆ, ನಿಂತೋಯ್ತು. ನಿಜ ಯೋಳು, ಇದು ಯಾತ್ರಿಂದ ನಡೀತದೆ?"

ಇನ್ನು ಮುಚ್ಚಿಡಲಾಗಲಿಲ್ಲ. ಮೆಲ್ಲಗೆ ಅಂದೆ, "ಕೈ ಆಡಿದರೆ ನಡೆಯುತ್ತಮ್ಮ."

ನನ್ನ ಗೋಡೆಯ ಗಡಿಯಾರಗಳೂ ಉಸಿರು ಬಿಗಿಹಿಡಿದಂತೆ ಅನ್ನಿಸಿತು. ಮುಗಿಯಿತು, ಹುಡುಗಿಯ ಬಾಳು ನನ್ನ ಕೈಯಾರೆ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಫೋನಿನ ಹಿಂದೆ ಎಲ್ಲೋ ನಮ್ಮ ಹುಡುಗಿ ಬಾಯಿಗೆ ಸೆರಗು ತುರುಕಿಕೊಂಡು ನಗುವುದು ಕೇಳಿಸಿತು. ಅವಳ ಜೊತೆಗೆ ಇನ್ನೊಂದು ನಗು. ಅದು ಅತ್ತೆಯದು.

"ವಾಚ್ ಇನ್ಮೇಲೆ ನನ್ ಕೈಲೇ ಇರ್ಲಿ. ರಾತ್ರಿ ನನ್ ತಲೆದೆಸೇಲಿ ಮಲಿಕತದೆ. ಮಕ್ಳು ಅವ್ರ ರೂಮ್ಗೆ ಓಗವ್ರೆ" ಅಂದರು.

"ಬಹಳ ಸಂತೋಷ ಕಣಮ್ಮ. ಹಾಗಾದರೆ ನಮ್ಮಿಂದ ಏನೂ ತಪ್ಪಾಗಿಲ್ಲ ಅಲ್ವಾ?"

"ನಿಮ್ ಕಡೆಯೋರು ಕೊಟ್ಟಿದ್ದು ಸರ್ಯಾಗೇ ಅದೆ ಕಣಪ್ಪ. ನಮ್ ಕಡೆಯೋರು ಕೊಟ್ಟಿದ್ದೇ ನಿಂತೋಗಿರೋದು. ಅದ್ಕೆ ಕೀ ಎಲ್ಲಿ ಕೊಡೋದು, ಅದ್ನ ಯೋಳು ಮೊದ್ಲು!"