ಗಂಡಸರ ಕಡೆಯ ದೆವ್ವ, ಹೆಂಗಸರ ಕಡೆಯ ದೆವ್ವ

ಹಸಿ ಮುಲ್ತಾನಿ ಮಣ್ಣಿನ ವಾಸನೆ ಬಂದರೆ ಸಾಕು, ಅಮರಗುಂಡಪ್ಪ ಮಾಸ್ತರರು ಐವತ್ತೆರಡರ ವಯಸ್ಸಿನಲ್ಲೂ ಏಳು ವರ್ಷದ ಹುಡುಗನಾಗಿಬಿಡುತ್ತಿದ್ದರು. ಲಿಂಗಸುಗೂರಿನ ಉರ್ದು ಶಾಲೆಯಲ್ಲಿ ಮರದ ಹಲಗೆಗೆ ಆ ಮಣ್ಣು ಬಳಿದು, ಬಿಸಿಲಿಗಿಟ್ಟು ಒಣಗಿಸಿ, ಜೊಂಡಿನ ಲೇಖನಿಯಿಂದ ಅಲಿಫ್, ಬೇ ತೀಡಿದ ಕೈ ಅವರದು. ಆ ವಾಸನೆಯ ಜೊತೆಗೇ ಉರ್ದು ಅವರೊಳಗೆ ಇಳಿದು ಕೂತಿತ್ತು. ಮುಂದೆ ಮಸ್ಕಿಯಲ್ಲಿ ಇಪ್ಪತ್ತು ವರ್ಷ ಅದನ್ನೇ ಕಲಿಸಿದರು. ನಿಜಾಮರ ಆಳ್ವಿಕೆ ಹೋಗಿ ಶಾಲೆಗಳಿಗೆ ಕನ್ನಡ ಬಂದಾಗ ಊರಿಗೆಲ್ಲ ಸಂತೋಷವಾಯಿತು, ಮಾಸ್ತರರಿಗೂ ಆಯಿತು. ಆದರೆ ಅವರ ಉರ್ದು ಮಾತ್ರ ಮದುವೆ ಮುಗಿದ ಮನೆಯ ಚಪ್ಪರದ ಹಾಗೆ ಉಳಿಯಿತು. ಕೆಲಸ ಹೋಯಿತು. ಐದು ವರ್ಷದಲ್ಲಿ ಜನ ‘ಮಾಸ್ತರ್ರ’ ಎನ್ನುವುದನ್ನೂ ಮರೆತು ಬರೀ ‘ಅಮರಗುಂಡಪ್ಪ’ ಎನ್ನತೊಡಗಿದ್ದರು.

ಅಂಥ ಹೊತ್ತಿನಲ್ಲಿ ಸಿಂಧನೂರಿನ ವೆಂಕೋಬ ಎಂಬುವನು ಮಸ್ಕಿಯ ಬಯಲಿನಲ್ಲಿ ಸಿನೆಮಾ ಟೆಂಟು ಹಾಕಿದ. ಅವನು ತರುವ ಸಿನೆಮಾಗಳ ಮಾತೆಲ್ಲ ಹಿಂದೂಸ್ತಾನಿ. ಊರವರಿಗೂ ಕಾಲುವೆ ತೋಡಲು ಬಂದ ಕೂಲಿಯವರಿಗೂ ಅದು ಅರ್ಥವಾಗಬೇಕಲ್ಲ? ಬಿಳಿ ತೆರೆಯ ಪಕ್ಕ ನಿಂತು ಕನ್ನಡದಲ್ಲಿ ಕತೆ ಬಿಡಿಸಿ ಹೇಳಲು ಆಳು ಬೇಕಾಯಿತು. ಟೆಂಟಿನ ನಡುವೆ ಗೋಣಿತಟ್ಟಿನ ಪರದೆ. ಆ ಕಡೆ ಹೆಂಗಸರು, ಈ ಕಡೆ ಗಂಡಸರು. ಗಂಡಸರಿಗೆ ಹೇಳಲು ಅಮರಗುಂಡಪ್ಪ, ಹೆಂಗಸರಿಗೆ ಹೇಳಲು ಹಸೀನಾಬೀ ಎಂಬ ವಯಸ್ಸಾದ ವಿಧವೆ. ಹೀಗೆ ಅಮರಗುಂಡಪ್ಪ ಮತ್ತೆ ‘ಮಾಸ್ತರ್ರ’ ಆದರು.

ಆದರೆ ಅವರಲ್ಲೊಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವರ ಕಿವಿಯ ಮುಕ್ಕಾಲು ಪಾಲನ್ನು ಕಟ್ಟಿಕೊಂಡೇ ಹೋಗಿತ್ತು. ಹತ್ತಿರ ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು. ಟೆಂಟಿನ ಧ್ವನಿವರ್ಧಕದ ಭೋಂಗಾದಿಂದ ಬರುವ ಸದ್ದು ಮಾತ್ರ ಅವರ ಪಾಲಿಗೆ ಬಾಣಲೆಯಲ್ಲಿ ಶೇಂಗಾ ಹುರಿದಂತೆ. ಪುಣ್ಯಕ್ಕೆ ಹಸೀನಾಬಿಯ ಗಂಟಲು ದೊಡ್ಡದು. ಪರದೆಯ ಆಚೆ ಅವಳು ಹೇಳಿದ್ದನ್ನು ಕದ್ದು ಕೇಳಿಸಿಕೊಂಡು, ಕಣ್ಣಿಗೆ ಕಂಡದ್ದನ್ನು ತಾವೇ ಸೇರಿಸಿ, ಮಾಸ್ತರರು ರಂಗಾಗಿ ಹೇಳುತ್ತಿದ್ದರು. ತಾವು ನೋಡಿ ಹೇಳಿದ್ದನ್ನು ಮರುಗಳಿಗೆಯಲ್ಲಿ ಅವಳೂ ಹೇಳುವುದು ಕೇಳಿಸಿದಾಗ ಅವರಿಗೆ ಸಿಟ್ಟು ಬರುತ್ತಿತ್ತು, ನನ್ನ ಮಾತು ಕದಿಯುತ್ತಾಳಲ್ಲ ಎಂದು. ತಾವು ಕದಿಯುವುದು ಆಗ ನೆನಪಿಗೆ ಬರುತ್ತಿರಲಿಲ್ಲ.

ಒಂದು ಸಂಜೆ ತೋರಿಸಿದ್ದು ದೆವ್ವದ ಸಿನೆಮಾ. ಕಾಡಿನ ನಡುವೆ ಒಂದು ಸಣ್ಣ ರೈಲು ಸ್ಟೇಷನ್ನು. ದಿನವೂ ಸಂಜೆ ಬಿಳಿ ಸೀರೆಯ ಹೆಣ್ಣೊಬ್ಬಳು ಬಂದು ಟಿಕೀಟು ಕೇಳುತ್ತಾಳೆ. ಸ್ಟೇಷನ್ ಮಾಸ್ತರ ಕೊಡುತ್ತಾನೆ. ರೈಲು ನಿಲ್ಲದೆ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ದೆವ್ವ. ಯಾರು ಎಂಬುದು ಕಡೆಯ ಗಳಿಗೆಯಲ್ಲಿ ತಿಳಿಯಬೇಕು. ಆ ಕಡೆಯ ಗಳಿಗೆಯಲ್ಲೇ ಈಚೆ ಗಂಡಸರು ಸಿಳ್ಳೆ ಹೊಡೆದರು, ಆಚೆ ಹೆಂಗಸರು ಗೊಳೋ ಎಂದು ಅತ್ತರು. ಹಸೀನಾಬಿಯ ಧ್ವನಿ ಅಳುವಿನಲ್ಲಿ ಮುಳುಗಿಹೋಯಿತು. ಮಾಸ್ತರರು ತೆರೆ ನೋಡಿದರು. ಹೆಣ್ಣು ಮುಚ್ಚಿದ ಕಬ್ಬಿಣದ ಗೇಟಿನೊಳಗಿಂದ ಹೊಗೆಯ ಹಾಗೆ ದಾಟಿಹೋದಳು. ‘ಹೆಣ್ಣೇ ದೆವ್ವ’ ಎಂದು ಸಾರಿಬಿಟ್ಟರು.

ಮರುದಿನ ಬೆಳಗ್ಗೆ ಬೇವಿನ ಕಡ್ಡಿ ಇನ್ನೂ ಬಾಯಲ್ಲಿತ್ತು, ಪಕ್ಕದ ಮನೆಯ ಕಿರಾಣಿ ಸೂಗಪ್ಪ ಬಂದು ಕಟ್ಟೆಯ ಮೇಲೆ ಕೂತ. ಅವನದು ಯಾವಾಗಲೂ ಎತ್ತರದ ದನಿ.

“ಮಾಸ್ತರ್ರ, ಖರೆ ಹೇಳ್ರಿ. ಯಾರು ದೆವ್ವ?”

“ಹೆಣ್ಣು. ನಾ ಹೇಳಲಿಲ್ಲೇನು ನಿನ್ನಿ?”

“ನಮ್ಮಾಕಿ ಟೇಸನ್ ಮಾಸ್ತರನ ದೆವ್ವ ಅಂತಾಳ. ಹಸೀನಾಬೀ ಹಂಗ ಹೇಳ್ಯಾಳಂತ. ಅಷ್ಟಕ್ಕ ಬಿಟ್ಟಿದ್ರ ಸುಮ್ಮನಾಗ್ತಿದ್ದೆ. ದಿನಾ ಸಂಜಿಗೆ ಬಂದು, ಒಂದ ಮಾತಾಡದ ಕುಂತು, ಎದ್ದು ಹೋಗಾಂವ ದೆವ್ವಲ್ದ ಮತ್ತೇನ್ರಿ, ನಿಮ್ಮನ್ನ ನೋಡ್ಕೋರಿ ಅಂತ ನನಗ ಅಂದ್ಲು.”

ಒಳಗೆ ಕೊಡ ಕುಕ್ಕಿದ ಸದ್ದು ಮಾಸ್ತರರ ಕಿವಿಗೂ ಕೇಳಿಸಿತು. ಹೆಂಡತಿ ಕಲ್ಯಾಣಮ್ಮನೂ ರಾತ್ರಿ ಹೆಂಗಸರ ಕಡೆ ಕೂತವಳೇ. ಬಾಗಿಲಿಗೆ ಬಂದು ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ, ಅಂದರೆ ಓಣಿಗೆಲ್ಲ ಕೇಳುವಂತೆ ಹೇಳಿದಳು: “ಹತ್ತು ವರ್ಸ ಬಿಡದ ಬಂದು ಕಾದಾಕಿನ್ನ ದೆವ್ವ ಅಂತೀರಿ. ಕಾಯೋದು ಅಷ್ಟು ದೊಡ್ಡ ತಪ್ಪೇನು?”

ಮಾಸ್ತರರು ಬೇವಿನ ಕಡ್ಡಿ ಜಗಿಯುತ್ತ ನಿಂತರು.

ಅಷ್ಟರಲ್ಲಿ ಕುರಿ ಕಾಯುವ ಆದಪ್ಪ ಕುಂಟುತ್ತ ಬಂದ. ಕಾಲಿಗೆ ಮುಳ್ಳು ನಟ್ಟು ಪಾದ ಸೊಟ್ಟ ಇಟ್ಟು ನಡೆಯುತ್ತಿದ್ದನಂತೆ. ಸ್ಟೇಷನ್ ಮಾಸ್ತರನೇ ದೆವ್ವ ಎಂದು ನಂಬಿ ಬಂದ ಅವನ ಹೆಂಡತಿ ಗಿರಿಯಮ್ಮ ಬುಡ್ಡಿದೀಪ ಹಿಡಿದು ಗಂಡನ ಪಾದ ನೋಡಿದಳಂತೆ, ದೆವ್ವದ ಪಾದ ಹಿಂದುಮುಂದಾಗಿರುತ್ತದಲ್ಲ. ಅದು ಸೊಟ್ಟ ಕಂಡದ್ದೇ ಬಾಗಿಲು ಹಾಕಿಕೊಂಡಳು. ರಾತ್ರಿಯೆಲ್ಲ ಕುರಿಗಳ ನಡುವೆ ಮಲಗಿದೆ, ನೀವು ಬಂದು ನಾನು ಬದುಕಿದ್ದೇನೆ ಎಂದು ಅವಳಿಗೆ ಒಂದು ಮಾತು ಹೇಳಿ ಎಂದು ಕೈಮುಗಿದ. ಮಾಸ್ತರರು ಹೋಗಿ ಹೇಳಿದರು. ಗಿರಿಯಮ್ಮ ಕಿಟಕಿಯಿಂದ, ನಿಮ್ಮ ಮಾತು ಗಂಡಸರ ಕಡೆಯದು, ಹಸೀನಾಬೀ ಬಂದು ಹೇಳಲಿ ಎಂದಳು.

ಬಿಸಿಲೇರುವ ಹೊತ್ತಿಗೆ ಮಸ್ಕಿ ಎರಡು ಹೋಳಾಗಿತ್ತು. ಸೂಗಪ್ಪನ ಅಂಗಡಿಯಲ್ಲಿ ಗಂಡಸರ ಪಂಚಾಯಿತಿ, ಬಾವಿಯ ಕಟ್ಟೆಯಲ್ಲಿ ಹೆಂಗಸರದು. ಸರಕಾರದ ನೌಕರಿಯಲ್ಲಿರುವವನು ಸತ್ತರೆ ಪೋಲೀಸರು ಪಂಚನಾಮೆ ಮಾಡದೆ ಬಿಡುತ್ತಾರೆಯೇ ಎಂದು ಒಬ್ಬ ಕೇಳಿದ. ಮುಂಬಯಿಯವರಿಗೆ ದೆವ್ವದ ಗಂಧವೇ ಇಲ್ಲ, ನಮ್ಮ ಕಡೆಯ ದೆವ್ವ ಎಂದಾದರೂ ಟಿಕೀಟು ತೆಗೆದದ್ದುಂಟೇ ಎಂದು ಇನ್ನೊಬ್ಬ. ರೈಲನ್ನೇ ಕಾಣದ ಮುದುಕನೊಬ್ಬ, ಎತ್ತಿಲ್ಲದೆ ಅಷ್ಟು ದೊಡ್ಡ ಬಂಡಿ ಓಡುತ್ತದೆ ಎಂದರೆ ಅದೇ ದೆವ್ವ, ಉಳಿದವರು ಮನುಷ್ಯರು ಎಂದು ತೀರ್ಪು ಕೊಟ್ಟ. ಎಲ್ಲರೂ ಕಡೆಗೆ ಮಾಸ್ತರರತ್ತ ತಿರುಗುತ್ತಿದ್ದರು. ಅರ್ಧ ಕೇಳದ ಮಾಸ್ತರರು ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಅದರಿಂದ ಜಗಳ ಇನ್ನಷ್ಟು ಬೆಳೆಯಿತು.

ಮಧ್ಯಾಹ್ನ ವೆಂಕೋಬನಿಂದ ಕರೆ ಬಂತು. ಊರ ಹಿರಿಯರು ಬಂದು, ಗಂಡ ಹೆಂಡಿರ ನಡುವೆ ಬೆಂಕಿ ಹಚ್ಚುವ ನಿನ್ನ ಟೆಂಟು ಕಿತ್ತುಹಾಕುತ್ತೇವೆ ಎಂದು ಹೇಳಿಹೋಗಿದ್ದರಂತೆ. ಅವನು ಕೈಯಾಡಿಸುತ್ತ ಕೂಗಿ ಹೇಳಿದ್ದರಿಂದ ಮಾಸ್ತರರಿಗೆ ಎಲ್ಲವೂ ಕೇಳಿಸಿತು. “ಇವತ್ತು ಇಬ್ಬರದೂ ಒಂದ ಕತಿ ಆಗಬೇಕು. ಆಗಲಿಲ್ಲಂದ್ರ ನಾಳಿಂದ ನೀವೂ ಬ್ಯಾಡ, ಆಕಿನೂ ಬ್ಯಾಡ.”

ಮತ್ತೆ ಬರೀ ಅಮರಗುಂಡಪ್ಪ ಆಗಬೇಕೇ? ಮಾಸ್ತರರು ಅಂಗಿಯ ಗುಂಡಿ ಹಾಕಿಕೊಂಡು ಹಸೀನಾಬಿಯ ಮನೆಯ ಕಡೆ ನಡೆದರು.

ಅವಳು ಹೊರಗಿನ ಕಟ್ಟೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಮಾಸ್ತರರು ಎದುರು ನಿಂತರೂ ತಲೆಯೆತ್ತಿ ನೋಡಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಬೆರಳಿನಿಂದ ಅರಿವೆ ತಡವುತ್ತಿದ್ದಳು. ಎಷ್ಟು ಸೊಕ್ಕು ಎಂದುಕೊಂಡರು. ನೀವು ಏನು ಕೇಳಿ ಹಾಗೆ ಹೇಳಿದಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಹಾಗೆ ಕೇಳಿದರೆ ತಮಗೆ ಕೇಳಿಸಲಿಲ್ಲ ಎಂದು ಒಪ್ಪಿದಂತೆ. ಕಣ್ಣಾರೆ ಕಂಡದ್ದನ್ನೇ ನಾನು ಹೇಳಿದ್ದು ಎಂದು ಬಿಗುವಾಗಿ ಹೇಳಿದರು. ಟೆಂಟಿನಲ್ಲಿ ಗಂಟಲು ಹರಿದುಕೊಳ್ಳುವ ಹಸೀನಾಬೀ ಓಣಿಯಲ್ಲಿ ಪರಗಂಡಸಿನ ಎದುರು ಹೂವಿನಷ್ಟು ಮೆಲ್ಲಗೆ ಏನೋ ಅಂದಳು. ಅವಳ ತುಟಿ ಆಡಿದ್ದು ಕಂಡಿತೇ ಹೊರತು ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎನ್ನುವ ಬದಲು ಮಾಸ್ತರರು, “ಆತು, ಹಂಗ ಆಗಲಿ” ಎಂದು ಬಂದುಬಿಟ್ಟರು.

ತಾವು ಒಪ್ಪಿದ್ದು ಏನು ಎಂಬುದು ಸಂಜೆ ಟೆಂಟಿಗೆ ಹೋದಾಗ ತಿಳಿಯಿತು. ನಡುವಿನ ಪರದೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ಮುಂದೆ, ತೆರೆಯ ಪಕ್ಕ, ಹಸೀನಾಬೀ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಅವಳ ಪಕ್ಕ ಒಂದು ಮೊಳ ಜಾಗ ಮಾಸ್ತರರಿಗೆಂದು ಖಾಲಿ. ಇಬ್ಬರೂ ಒಂದೇ ಕಡೆ ನಿಂತು ಹೇಳೋಣ ಎಂದು ಅವಳು ಕೇಳಿದ್ದಳಂತೆ, ಮಾಸ್ತರರು ಒಪ್ಪಿದ್ದರಂತೆ. ಕಲ್ಯಾಣಮ್ಮ ಮೂರನೆಯ ಸಾಲಿನಿಂದ ಗಂಡನನ್ನು ಒಂದೇ ಸಮನೆ ನೋಡುತ್ತಿದ್ದಳು. ಮಾಸ್ತರರು ಕಸಿವಿಸಿಯಲ್ಲಿ ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು.

ಜನವೋ ಜನ. ನಿನ್ನೆ ನೋಡಿದವರೆಲ್ಲ ತಮ್ಮ ಮಾತೇ ಗೆಲ್ಲಬೇಕೆಂದು ಮತ್ತೆ ಬಂದಿದ್ದರು. ಜಗಳ ಕೇಳಿದ ಬಳಗಾನೂರಿನವರು ಬಂಡಿ ಕಟ್ಟಿಕೊಂಡು ಬಂದಿದ್ದರು. ಎರಡನೆಯ ಆಟಕ್ಕೆ ಹೊರಗೆ ಆಗಲೇ ಸಾಲು ನಿಂತಿತ್ತು.

ಆಟ ಸುರುವಾಯಿತು. ಪರದೆ ಇಳಿದಿದ್ದರಿಂದ ಒಂದು ವಿಚಿತ್ರ ನಡೆಯಿತು. ಹೆಂಡತಿಯ ಕಣ್ಣೆದುರು ಸಿಳ್ಳೆ ಹೊಡೆಯಲು ಒಬ್ಬ ಗಂಡಸಿಗೂ ಧೈರ್ಯ ಬರಲಿಲ್ಲ. ಗಂಡನ ಎದುರು ಅಳಲು ಹೆಂಗಸರೂ ಒಲ್ಲೆ ಎಂದರು. ಕಡೆಯ ಗಳಿಗೆ ಬಂದಾಗ ಟೆಂಟು ಪೂಜೆ ಮುಗಿದು ಬಾಗಿಲು ಹಾಕಿದ ಗುಡಿಯಷ್ಟು ಸುಮ್ಮನಿತ್ತು.

ತೆರೆಯ ಮೇಲೆ ಕಂದೀಲು ಹಿಡಿದ ಮುದುಕನೊಬ್ಬ ಏನೋ ಹೇಳಿದ. ಹಸೀನಾಬೀ ಅದನ್ನು ಬಿಡಿಸಿ ಹೇಳಿದಳು: “ಈ ಟೇಸನ್ನಿನ ಮಾಸ್ತರ ಸೇತುವಿ ಮುರದ ದಿನಾನ ಸತ್ತಾನ. ಹತ್ತು ವರ್ಸ ಆತು.”

ಮಾಸ್ತರರು ಬೆಚ್ಚಿದರು. ಈ ಮಾತು ನಿನ್ನೆ ಅವರಿಗೆ ದಕ್ಕಿರಲಿಲ್ಲ. ಬಾಯಿ ತೆರೆದು ನಿಂತುಬಿಟ್ಟರು. ಆಗ ಹಸೀನಾಬೀ ಅವರ ಕಿವಿಯ ಹತ್ತಿರ ಬಾಗಿ, “ಮಾಸ್ತರ್‌ಸಾಬ್, ಈಗ ಏನು ಕಾಣಾಕತ್ತೈತಿ? ಲಗೂನ ಹೇಳ್ರಿ” ಎಂದಳು.

ಮಾಸ್ತರರು ತಿರುಗಿ ನೋಡಿದರು. ತೆರೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಎರಡು ಕಣ್ಣಿನಲ್ಲೂ ಹಾಲಿನಂಥ ಪೊರೆ. ಅವಳು ನೋಡುತ್ತಿದ್ದದ್ದು ತೆರೆಯನ್ನಲ್ಲ, ಅದರಾಚೆಯ ಬಿದಿರ ಬೊಂಬನ್ನು.

ಮಾಸ್ತರರು ತೆರೆಯ ಕಡೆ ತಿರುಗಿದರು. ಆಮೇಲೆ ದೊಡ್ಡ ದನಿಯಲ್ಲಿ ಹೇಳಿದರು: “ಗೇಟು ಮುಚ್ಚೈತಿ. ಆಕಿ ಮುಚ್ಚಿದ ಗೇಟಿನೊಳಗಿಂದ ದಾಟಿ ಹೊಂಟಾಳ. ಆಕಿಗೆ ನೆಳ್ಳಿಲ್ಲ.”

“ಹಂಗಾದ್ರ ಇಬ್ರೂ...” ಎಂದಳು ಹಸೀನಾಬೀ.

“ಇಬ್ರೂ ಇಲ್ಲ.”

“ಇಬ್ರೂ ಇಲ್ಲ. ಆದ್ರೂ ಒಬ್ರಿಗೊಬ್ರು ಕಾಯಾಕತ್ತಾರ” ಎಂದು ಹಸೀನಾಬೀ ಎರಡೂ ಕಡೆಗೆ ಕೇಳುವಂತೆ ಕತೆ ಮುಗಿಸಿದಳು.

ದೀಪ ಹತ್ತಿದಾಗ ಸೂಗಪ್ಪ ಹೆಂಡತಿಗಾಗಿ ಬಾಗಿಲಲ್ಲಿ ನಿಂತು ಕಾದ. ಗಿರಿಯಮ್ಮ ಗಂಡನ ಸೊಟ್ಟ ಕಾಲನ್ನು ನೋಡಿ ಅವನ ತೋಳಿಗೆ ಹೆಗಲು ಕೊಟ್ಟಳು. ಇಬ್ಬರೂ ದೆವ್ವವಾದ ಮೇಲೆ ಜಗಳಕ್ಕೆ ಏನು ಉಳಿಯಿತು?

ಮಾಸ್ತರರು ತಡವರಿಸುತ್ತ, ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಹೊರಟರು. ಅಷ್ಟರಲ್ಲಿ ಹಸೀನಾಬಿಯೇ ಗಟ್ಟಿಯಾಗಿ ಅಂದಳು: “ನಿಮ್ಮ ಕಿವಿ ಮಂದ ಅಂತ ನನಗ ಮೊದಲನೇ ದಿನಾನ ತಿಳಿದಿತ್ರಿ. ಅದಕ್ಕ ನಾ ಅಷ್ಟು ಒದರತಿದ್ದೆ. ನೀವೂ ನನ್ನ ಕಣ್ಣು ತಿಳಕೊಂಡು, ಕಂಡಿದ್ದೆಲ್ಲ ನನಗ ಬಿಡಿಸಿ ಹೇಳತಿದ್ರಿ. ಭಾಳ ದೊಡ್ಡ ಮನಸು ನಿಮ್ಮದು.”

ಮಾಸ್ತರರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

ವೆಂಕೋಬ ಬಂದ. ಮಾಸ್ತರರು ನೆಟ್ಟಗೆ ನಿಂತು, ಇಬ್ಬರದೂ ಒಂದೇ ಕತೆ ಆಯಿತಲ್ಲ ಎಂದರು. ಅವನು ಟೆಂಟಿನ ಬಾಗಿಲು ತೋರಿಸಿದ. ಎರಡನೆಯ ಆಟಕ್ಕೆ ನಿಂತಿದ್ದವರು, ಹೊರಗೆ ಬಂದವರಿಂದ ಕತೆ ಕೇಳಿ, ಇಷ್ಟೇನಾ ಎಂದು ಸಾಲು ಮುರಿದು ಮನೆಗೆ ಹೊರಟಿದ್ದರು. ಬಳಗಾನೂರಿನ ಬಂಡಿಗಳೂ ತಿರುಗಿದವು.

“ಜಗಳ ಇತ್ತು, ಜನ ಬಂದಿತ್ತು. ಜಗಳ ನೀವು ಮುಗಿಸಿದ್ರಿ” ಎಂದ ವೆಂಕೋಬ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಾಳಿಗೆ ಟೆಂಟು ಸಿಂಧನೂರಿಗೆ ಒಯ್ತೀನಿ. ಅಲ್ಲಿ ಹಾಕೋದು ತೆಲುಗು ಸಿನೆಮಾ, ಅದು ಅಲ್ಲಿ ಮಂದಿಗೆ ತಿಳೀತೈತಿ. ನಿಮ್ಮಿಬ್ಬರ ಕೆಲಸ ಇರಂಗಿಲ್ರಿ.” ಮಾಸ್ತರರಿಗೆ ಪೂರಾ ಕೇಳಿಸದಿದ್ದುದನ್ನು ಹಸೀನಾಬೀ ಅವರ ಕಿವಿಯ ಹತ್ತಿರ ಇನ್ನೊಮ್ಮೆ ಹೇಳಿದಳು.

ಕಲ್ಯಾಣಮ್ಮ ಅಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು. ಹಸೀನಾಬಿಯ ಮೊಣಕೈ ಹಿಡಿದು, ಹಗ್ಗ, ಗೂಟ ತಪ್ಪಿಸಿ ನಡೆಸಿಕೊಂಡು ಹೊರಟಳು. ಕೆಲಸ ಕಳೆದುಕೊಂಡ ಮಾಸ್ತರರು ಇಬ್ಬರ ಹಿಂದೆ ಕಂದೀಲು ಹಿಡಿದು ನಡೆದರು.

ತಮ್ಮ ಮನೆಗೆ ಬಂದ ಮೇಲೆ ಕಲ್ಯಾಣಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಹಸೀನಾಬಿಯನ್ನು ಕೂರಿಸಿದಳು. ಒಳಗಿನಿಂದ ತಾಟು ತಂದು ಅವಳ ಮಡಿಲಿಗಿಟ್ಟಳು. ಅವಳ ಬೆರಳು ಹಿಡಿದು ಮೊದಲು ರೊಟ್ಟಿಗೆ ಮುಟ್ಟಿಸಿದಳು, ಆಮೇಲೆ ಪುಂಡಿಪಲ್ಲೆಗೆ, ಆಮೇಲೆ ಒಂದು ಚೂರು ಬೆಲ್ಲಕ್ಕೆ.